ಒಟ್ಲು ಬಿಡದೆ ನಾಟಿಗೆ ಇಳಿದವರಿಗೆ: ಕಂಪನಿಗಳ ಮಾರ್ಕೆಟಿಂಗ್ ಮತ್ತು ಎಚ್‌ಆರ್ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಕಳೆದ ವರ್ಷ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಕಂಪನಿ ತನ್ನ ಮಾರ್ಕೆಟಿಂಗ್ ತಂಡವನ್ನೆಲ್ಲ ರಿಂಗ್ ರೋಡಿನ ಹೋಟೆಲೊಂದರಲ್ಲಿ ಕೂರಿಸಿ ಒಂದು ದಿನದ ಎಐ ತರಬೇತಿ ಕೊಡಿಸಿತು. ಹೆಸರು ಬೇಡ, ನಿಮ್ಮಲ್ಲೇ ಒಬ್ಬರದ್ದು ಇದ್ದೀತು. ಹೊರಗಿನಿಂದ ಕನ್ನಡ ಕಾಪಿ, ಅಂದರೆ ಜಾಹೀರಾತಿನ ಬರಹ, ನೋಡಿಕೊಡುವವನು ಎಂಬ ಲೆಕ್ಕದಲ್ಲಿ ನನಗೂ ಕರೆ ಬಂದಿತ್ತು. ಬೆಳಿಗ್ಗೆ ಹತ್ತಕ್ಕೆ ಶುರು. ಹನ್ನೊಂದರ ಹೊತ್ತಿಗೆ ಪರದೆಯ ಮೇಲೆ ಯಂತ್ರ ಹತ್ತು ಸೆಕೆಂಡಿನಲ್ಲಿ ಇಪ್ಪತ್ತು ಜಾಹೀರಾತು ಸಾಲು ಬರೆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಊಟಕ್ಕೆ ಬಿರಿಯಾನಿ, ಬಿಸಿ ಜಾಮೂನು. ನಾಲ್ಕೂವರೆಗೆ ಪ್ರಮಾಣಪತ್ರ, ಗ್ರೂಪ್ ಫೋಟೋ, ನೂರು ಪ್ರಾಂಪ್ಟ್‌ಗಳ, ಅಂದರೆ ಯಂತ್ರಕ್ಕೆ ಕೊಡುವ ಸೂಚನೆಗಳ, ಒಂದು ಪಿಡಿಎಫ್. ಮಾರನೇ ದಿನ ಲಿಂಕ್ಡ್‌ಇನ್‌ನಲ್ಲಿ ಆ ಫೋಟೋದ ಕೆಳಗೆ 'ನಮ್ಮ ತಂಡ ಈಗ ಎಐಗೆ ಸಿದ್ಧ' ಎಂಬ ಬರಹ. ನಾನೂ ಲೈಕ್ ಒತ್ತಿದೆ, ಸುಳ್ಳು ಯಾಕೆ ಹೇಳಲಿ.

ದೀಪಾವಳಿಗೆ ಅದೇ ತಂಡದಿಂದ ಒಂದು ಜಾಹೀರಾತು ಹೊರಬಿತ್ತು. 'ಈ ದೀಪಾವಳಿಗೆ ನಮ್ಮ ಹೊಸ ಸೋಫಾ ಅನುಭವಿಸಿ.'

ಕನ್ನಡ ಓದಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ನಿಮ್ಮಲ್ಲಿ ಕೆಲವರಿಗೆ ಈ ಪತ್ರವನ್ನು ಬೇರೆಯವರು ಓದಿ ಹೇಳುತ್ತಿರಬಹುದು, ಹಾಗಾಗಿ ಹೇಳುತ್ತೇನೆ. ನಮ್ಮಲ್ಲಿ 'ಅನುಭವಿಸು' ಎಂದು ಒಬ್ಬರಿಗೆ ಹೇಳುವುದು ಅವರು ಮಾಡಿಕೊಂಡ ಕರ್ಮ ಅವರ ತಲೆಗೇ ಬಂದಾಗ. ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುವ ಮಾತು: ಬೇಡ ಅಂದರೂ ಕೇಳಲಿಲ್ಲ, ಈಗ ಅನುಭವಿಸು. ಜಾಹೀರಾತು ಬಂದ ದಿನವೇ ಅದರ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತಿತು. ಯಾರೋ ಪುಣ್ಯಾತ್ಮರು ಅದರ ಕೆಳಗೆ 'ಇಎಂಐ ಸಮೇತ' ಎಂದು ಸೇರಿಸಿದ್ದರು. ಇಪ್ಪತ್ತು ವರ್ಷಗಳಿಂದ ಜಾಹೀರಾತು ಬರೆಯುತ್ತಿದ್ದೇನೆ, ಅಷ್ಟು ಒಳ್ಳೆಯ ಸಾಲು ನನಗೆ ಹೊಳೆದಿಲ್ಲ.

ನನ್ನ ತಕರಾರು ಯಂತ್ರದ ಮೇಲಿಲ್ಲ. 'ಎಕ್ಸ್‌ಪೀರಿಯನ್ಸ್' ಎಂಬಂಥ ಇಂಗ್ಲಿಷ್ ಪದಕ್ಕೆ ನಿಘಂಟಿನಲ್ಲಿರುವ ಅರ್ಥ ಕೊಡುವುದನ್ನು ಮನುಷ್ಯರೂ ಮಾಡುತ್ತಾರೆ, ನಾನೂ ಮಾಡಿದ್ದೇನೆ. ಆ ಸಾಲು ಹೊರಗೆ ಹೋಗುವ ಮೊದಲು ನಾಲ್ಕು ಜನ ಓಕೆ ಕೊಟ್ಟಿದ್ದರು, ನನ್ನನ್ನು ಕಾಡಿದ್ದು ಅದು. ನಾಲ್ವರೂ ಆ ಹಾಲ್‌ನಲ್ಲಿ ಪ್ರಮಾಣಪತ್ರ ಪಡೆದವರೇ. ಇಬ್ಬರಿಗೆ ಕನ್ನಡ ಓದಲು ಬರುವುದಿಲ್ಲ. ಮೂರನೆಯವರಿಗೆ ಬರುತ್ತದೆ, ಆದರೆ ಅವರು ನೋಡುವುದು ಬಜೆಟ್ಟು, ಸಾಲನ್ನಲ್ಲ. ನಾಲ್ಕನೆಯವಳು ಕೆಲಸಕ್ಕೆ ಸೇರಿ ಐದು ತಿಂಗಳಾದ ಹಾಸನದ ಕಡೆಯ ಹುಡುಗಿ. ಆಮೇಲೆ ಫೋನಿನಲ್ಲಿ ಕೇಳಿದೆ: "ನಿಂಗೆ ಓದಿದ ತಕ್ಷಣ ಏನೂ ಅನ್ನಿಸಲಿಲ್ವೇನಮ್ಮ?" ಅವಳೆಂದಳು: "ಅನ್ನಿಸ್ತು ಸಾರ್, ನಗೂನೂ ಬಂತು. ಆದ್ರೆ ಎಐ ಬರ್ದಿದ್ದು, ಟ್ರೈನಿಂಗ್ ಆಗಿರೋ ದೊಡ್ಡೋರೆಲ್ಲ ಓಕೆ ಮಾಡಿದ್ರು. ನಾನ್ಯಾರು ಸಾರ್ ಹೇಳೋಕೆ?"

ಈ ಪತ್ರ ಹುಟ್ಟಿದ್ದು ಅವಳ ಆ ಕೊನೆಯ ವಾಕ್ಯದಿಂದ.

ಒಂದು ದಿನದ ತರಬೇತಿ ಏನು ಮಾಡುತ್ತದೆ ಎಂಬುದಕ್ಕೆ ನನ್ನ ಅನುಭವಕ್ಕಿಂತ ಗಟ್ಟಿಯಾದ ಸಾಕ್ಷಿಯೂ ಇದೆ. 2023ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರೂ ಇದ್ದ ಒಂದು ಸಂಶೋಧಕರ ತಂಡ ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್‌ನ 758 ಮಂದಿ ಸಲಹೆಗಾರರ ಮೇಲೆ ಒಂದು ಪ್ರಯೋಗ ನಡೆಸಿತು. ಎಐಗೆ ಒಗ್ಗುವ ಕೆಲಸಗಳಲ್ಲಿ ಅದನ್ನು ಬಳಸಿದವರು ಹೆಚ್ಚು ಕೆಲಸ ಮಾಡಿದರು, ಬೇಗ ಮುಗಿಸಿದರು, ಗುಣಮಟ್ಟವೂ ಏರಿತು. ಸಂಶೋಧಕರು ಬೇಕೆಂದೇ ಎಐ ಎಡವುವಂಥ ಒಂದು ಕೆಲಸವನ್ನೂ ಇಟ್ಟಿದ್ದರು. ಅದರಲ್ಲಿ ಎಐ ಇಲ್ಲದೆ ಮಾಡಿದವರಲ್ಲಿ ಶೇ 84ರಷ್ಟು ಮಂದಿ ಸರಿ ಉತ್ತರ ಕೊಟ್ಟರು. ಎಐ ಬಳಸಿದವರಲ್ಲಿ ಅದು ಶೇ 70ಕ್ಕೆ ಇಳಿಯಿತು. ಎಐ ಜೊತೆಗೆ ಪ್ರಾಂಪ್ಟ್ ಬರೆಯುವ ಬಗ್ಗೆ ಚಿಕ್ಕದೊಂದು ತರಬೇತಿಯನ್ನೂ ಪಡೆದವರಲ್ಲಿ ಶೇ 60! ತರಬೇತಿ ಪಡೆದವರೇ ಹೆಚ್ಚು ಎಡವಿದ್ದರು. ಸ್ವಲ್ಪ ಕಲಿಸಿದಾಗ ಕೈಚಳಕ ಬರುವ ಮೊದಲೇ ಧೈರ್ಯ ಬಂದುಬಿಡುತ್ತದೆ. ಸೈಕಲ್ಲು ಕಲಿಯುವ ಹುಡುಗರು ಕೈಕಾಲು ಮುರಿದುಕೊಳ್ಳುವುದು ಮೊದಲ ದಿನವಲ್ಲ, ಹ್ಯಾಂಡಲ್ ಬಿಟ್ಟು ಓಡಿಸಲು ಹೋದ ದಿನ.

ನಾನು ಕಲಿತದ್ದು ಹೇಗೆ ಎಂದು ಸ್ವಲ್ಪ ಹೇಳಿಕೊಳ್ಳುತ್ತೇನೆ, ಸಹಿಸಿಕೊಳ್ಳಿ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಸುಲ್ತಾನ್‌ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಕರಡು ತಿದ್ದಲು ಕೂತೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ನಡುನಡುವೆ ಅಂಗಡಿಗಳ ಕರಪತ್ರ. ಪಕ್ಕದಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಕೂರುತ್ತಿದ್ದರು. ಒಮ್ಮೆ ವರನ ಹೆಸರಿನ ಮುಂದೆ 'ಚಿ. ಸೌ.', ವಧುವಿನ ಹೆಸರಿನ ಮುಂದೆ 'ಚಿ. ರಾ.' ಅದಲುಬದಲಾಗಿ ಬಿದ್ದಿದ್ದನ್ನು ನಾನು ಹಾಗೇ ಬಿಟ್ಟುಬಿಟ್ಟೆ. ಐನೂರು ಕಾರ್ಡು ಅಚ್ಚಾಗಿತ್ತು. ಮೇಷ್ಟ್ರು ಬೈಯಲಿಲ್ಲ. ಐನೂರನ್ನೂ ನನ್ನ ಮುಂದೆ ಇಟ್ಟು, "ಒಂದೊಂದಾಗಿ ಎಣಿಸಿ ಕಟ್ಟು ಕಟ್ಟಪ್ಪ, ರದ್ದಿಗೆ ಹಾಕಬೇಕು" ಎಂದರು. ಎಣಿಸಿದೆ. ಅವತ್ತಿನಿಂದ ನನ್ನ ಕಣ್ಣು ಅಂಥ ಜಾಗದಲ್ಲಿ ತಾನಾಗಿಯೇ ನಿಲ್ಲುತ್ತದೆ. ಈಗಲೂ ಯಾರ ಮನೆ ಮದುವೆ ಕಾರ್ಡು ಬಂದರೂ ಮುಹೂರ್ತಕ್ಕಿಂತ ಮೊದಲು ಅದನ್ನೇ ನೋಡುವುದು. ಹೆಂಡತಿ ನಗುತ್ತಾಳೆ.

ಭತ್ತ ಬೆಳೆಯುವವರಿಗೆ ಗೊತ್ತು, ಗದ್ದೆಗೆ ನೇರವಾಗಿ ನಾಟಿ ಹಾಕಲು ಬರುವುದಿಲ್ಲ. ಮೊದಲು ಒಂದು ಮೂಲೆಯಲ್ಲಿ ಒಟ್ಲು ಬಿಡಬೇಕು. ಮೊಳಕೆ ಬಂದ ಬೀಜವನ್ನು ಒತ್ತಾಗಿ ಚೆಲ್ಲಿ, ಹಕ್ಕಿ ಕಾದು, ನೀರು ಕಟ್ಟಿ, ಬಸಿದು, ಮೂರ್ನಾಲ್ಕು ವಾರ ಸಾಕಿ ಪೈರು ಮಾಡಿಕೊಳ್ಳಬೇಕು. ನೋಡುವವರಿಗೆ ಅದು ದಂಡದ ಜಾಗ, ಅಲ್ಲಿಂದ ಒಂದು ಕಾಳೂ ಮನೆಗೆ ಬರುವುದಿಲ್ಲ. ಮಾರ್ಕೆಟಿಂಗ್ ತಂಡದಲ್ಲಿ ಆ ಒಟ್ಲು ಯಾವುದು ಗೊತ್ತೇ? ಎಸ್ಸೆಮ್ಮೆಸ್ಸಿಗೆ ಹತ್ತು ಬಗೆ ಸಾಲು ಬರೆಯುವುದು. ಬ್ಯಾನರಿನ ಕಾಪಿಯನ್ನು ಆರು ಅಳತೆಗೆ ಕತ್ತರಿಸುವುದು. ಉತ್ಪನ್ನದ ವಿವರವನ್ನು ಕನ್ನಡಕ್ಕೆ ತರುವುದು. ಗ್ರಾಹಕರ ದೂರುಗಳನ್ನು ಓದಿ ವಿಂಗಡಿಸುವುದು. ಹೊಸಬರಿಗೆ ಕೊಡುತ್ತಿದ್ದ, ಎಲ್ಲರೂ ಮೂಗು ಮುರಿಯುತ್ತಿದ್ದ ಕೆಲಸಗಳು. ಈಗ ಎಐಗೆ ಮೊಟ್ಟಮೊದಲು ಒಪ್ಪಿಸಿದ್ದು ಇವನ್ನೇ. ಅದರ ಬೆನ್ನಿಗೇ 'ಟ್ರೈನಿ' ಹುದ್ದೆಗಳೂ ಹೋದವು. ನಾನು ಕಾಪಿ ನೋಡಿಕೊಡುವ ಕಂಪನಿಗಳಲ್ಲೇ ಎರಡು ವರ್ಷದಿಂದ ಹೊಸ ಕನ್ನಡ ಬರಹಗಾರರನ್ನು ತೆಗೆದುಕೊಂಡವರು ತೀರಾ ಕಡಿಮೆ. ಇರುವ ಹಿರಿಯರಿಗೆ ಮಾತ್ರ 'ಎಐ ಲೀಡ್' ಎಂಬ ಹೊಸ ಬಿರುದು.

ಒಟ್ಲಿಲ್ಲದ ಗದ್ದೆ ಮೊದಲ ವರ್ಷ ನಡೆಯುತ್ತದೆ, ಪಕ್ಕದವರ ಪೈರು ತಂದು ನೆಡಬಹುದು. ಊರಿನವರೆಲ್ಲ ಹಾಗೇ ಮಾಡಿದರೆ ತರುವುದು ಎಲ್ಲಿಂದ?

ಇದನ್ನು ಇನ್ನೊಂದು ಅಧ್ಯಯನ ಬಹಳ ಚೆನ್ನಾಗಿ ತೋರಿಸುತ್ತದೆ, ಓದಿದ ಬಹುಪಾಲು ಜನ ಅದರ ಅರ್ಧವನ್ನೇ ಹೇಳುತ್ತಾರೆ. ಎರಿಕ್ ಬ್ರಿನ್ಯೋಲ್ಫ್‌ಸನ್, ಡ್ಯಾನಿಯೆಲ್ ಲಿ, ಲಿಂಡ್ಸೆ ರೇಮಂಡ್ ಎಂಬ ಅರ್ಥಶಾಸ್ತ್ರಜ್ಞರು ಗ್ರಾಹಕ ಸೇವೆಯ ಐದು ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ಕೆಲಸವನ್ನು ಗಮನಿಸಿ 2023ರಲ್ಲಿ ವರದಿ ಮಾಡಿದರು. ಎಐ ಸಹಾಯಕ ಬಂದ ಮೇಲೆ ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇ 14ರಷ್ಟು ಹೆಚ್ಚಿದವು. ಹೊಸಬರಲ್ಲಿ ಶೇ 34ರಷ್ಟು. ನುರಿತವರಲ್ಲಿ ಹೆಚ್ಚು ಬದಲಾವಣೆ ಕಾಣಲಿಲ್ಲ. 'ನೋಡಿ, ಅನುಭವದ ಅಗತ್ಯವೇ ಇಲ್ಲ' ಎಂದು ನಿಮ್ಮ ಸಲಹೆಗಾರರು ತೋರಿಸುವ ಸ್ಲೈಡಿನಲ್ಲಿ ಇಷ್ಟೇ ಇರುತ್ತದೆ. ಆ ಯಂತ್ರ ಹೊಸಬರಿಗೆ ಹೇಳಿಕೊಟ್ಟ ಉತ್ತರಗಳು ಬಂದದ್ದು ಎಲ್ಲಿಂದ? ಅದೇ ಕಂಪನಿಯ ನುರಿತವರು ಹಿಂದೆ ಗ್ರಾಹಕರ ಜೊತೆ ನಡೆಸಿದ್ದ ಮಾತುಕತೆಯಿಂದ. ವರ್ಷಗಟ್ಟಲೆ ಬೈಸಿಕೊಂಡು ಕಲಿತವರ ಜಾಣ್ಮೆಯನ್ನು ಯಂತ್ರ ಹೊಸಬರ ಕೈಗೆ ದಾಟಿಸಿತು. ನಾಳೆ ಹೊಸ ಉತ್ಪನ್ನ, ಹೊಸ ಬಗೆಯ ದೂರು ಬಂದಾಗ ಯಂತ್ರಕ್ಕೆ ಕಲಿಸಲು ಮತ್ತೆ ನುರಿತವರೇ ಬೇಕು. ಅವರು ಆಕಾಶದಿಂದ ಇಳಿಯುವುದಿಲ್ಲ.

'ಹಾಗಾದರೆ ಪ್ರತಿಭೆ ಬೆಳೆಸುವುದು ಹೇಗೆ, ನೀವೇ ಹೇಳಿ' ಎಂದು ನೀವು ಕೇಳಬಹುದು. ಸಿಲಿಕಾನ್ ವ್ಯಾಲಿಯ ಉದಾಹರಣೆ ಕೊಡುವುದಿಲ್ಲ. ನಿಮ್ಮ ಬಚ್ಚಲುಮನೆಯಲ್ಲೇ ಒಂದಿದೆ, ಮೈಸೂರು ಸ್ಯಾಂಡಲ್ ಸೋಪು.

ಮೊದಲ ಮಹಾಯುದ್ಧ ಬಂದಾಗ ಮೈಸೂರಿನ ಶ್ರೀಗಂಧ ಯುರೋಪಿಗೆ ಹೋಗುವುದು ನಿಂತು ಕೊರಡುಗಳು ಇಲ್ಲೇ ರಾಶಿ ಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರು 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ತೆರೆದರು. ಆ ಎಣ್ಣೆಯಿಂದ ಸೋಪು ಮಾಡಬೇಕೆಂಬ ಯೋಚನೆ ಬಂದಾಗ ವಿಶ್ವೇಶ್ವರಯ್ಯನವರು ಮುಂಬಯಿಯ ತಜ್ಞರನ್ನು ಕರೆಸಿ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ, ಆವರಣದಲ್ಲಿ ಪ್ರಯೋಗ ಮಾಡಿಸಿದರು. ನಿಮ್ಮ ಭಾಷೆಯಲ್ಲಿ ಅದು ವರ್ಕ್‌ಶಾಪು. ಆದರೆ ಅಲ್ಲಿಗೆ ನಿಲ್ಲಿಸಲಿಲ್ಲ. ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನಶಾಸ್ತ್ರಜ್ಞರನ್ನು ಗುರುತಿಸಿ, ಸೋಪಿನ ವಿದ್ಯೆ ಕಲಿತು ಬರಲೆಂದು ಇಂಗ್ಲೆಂಡಿಗೆ ಕಳಿಸಿದರು. ಅವರು ಕಲಿತು ಬಂದು, ಗಂಧದೆಣ್ಣೆಯನ್ನು ಸೋಪಿಗೆ ಬೆರೆಸುವ ಹದ ಕಂಡುಹಿಡಿದರು. 1918ರಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಬಳಿ ಸರ್ಕಾರಿ ಸೋಪು ಕಾರ್ಖಾನೆ ಶುರುವಾಯಿತು. ಜನ ಅವರನ್ನು 'ಸೋಪ್ ಶಾಸ್ತ್ರಿ' ಎಂದೇ ಕರೆದರು.

ಶಾಸ್ತ್ರಿಗಳ ಮಾರ್ಕೆಟಿಂಗ್ ಕೆಲಸವೂ ಇದೆ, ಅದು ನನಗೆ ಇನ್ನೂ ಇಷ್ಟ. ಸೋಪಿಗೆ ಮೊಟ್ಟೆಯಾಕಾರ, ಪೆಟ್ಟಿಗೆಗೆ ಒಡವೆ ಡಬ್ಬಿಯ ರೂಪ. ಆನೆಯ ತಲೆ, ಸಿಂಹದ ಮೈ ಇರುವ ಶರಭದ ಗುರುತು. ಟ್ರ್ಯಾಮ್ ಟಿಕೆಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಜಾಹೀರಾತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ಕೂಡ ಆಯಿತು. ಎಣ್ಣೆಯ ಹದ ತಿಳಿದಿದ್ದವರಿಗೇ ಪೆಟ್ಟಿಗೆಯ ಹದವೂ ತಿಳಿದಿತ್ತು. ವಿದ್ಯೆ ಒಬ್ಬರ ತಲೆಯಲ್ಲಿ ಕೂತು ಅವರ ಜೊತೆಗೇ ಮುಗಿಯಲಿಲ್ಲ, ವಿಧಾನವಾಗಿ ಕಾರ್ಖಾನೆಯಲ್ಲಿ ಉಳಿಯಿತು. 1957ರಲ್ಲಿ ಕಾರ್ಖಾನೆ ಯಶವಂತಪುರದ ಕಡೆಗೆ ಹೋಯಿತು, 1980ರಲ್ಲಿ ಕಂಪನಿಯ ರೂಪವೇ ಬದಲಾಯಿತು, ಪರಿಮಳ ಬದಲಾಗಲಿಲ್ಲ. ಒಂದು ದಿನದ ತರಬೇತಿಗೂ ಒಬ್ಬರನ್ನು ಸಮುದ್ರದಾಚೆ ಕಳಿಸಿ, ಅವರು ಬರುವವರೆಗೆ ಕಾದು, ಬಂದ ಮೇಲೆ ಪ್ರಯೋಗಕ್ಕೆ ಜಾಗ ಕೊಡುವುದಕ್ಕೂ ಇರುವ ಅಂತರ ಅಷ್ಟು.

ಯಾರನ್ನೂ ಇಂಗ್ಲೆಂಡಿಗೆ ಕಳಿಸಿ ಎನ್ನುತ್ತಿಲ್ಲ. ವಾರಕ್ಕೆ ಮೂರು ಗಂಟೆ ಕೊಡಿ. ಆಫೀಸಿನ ಸಮಯದಲ್ಲಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತಿಂಗಳ ಕೊನೆಯಲ್ಲಿ ಟಾರ್ಗೆಟ್ ಬಂದರೂ ಕಿತ್ತುಕೊಳ್ಳದ ಹಾಗೆ. 'ಮನೆಯಲ್ಲಿ ಕೂತು ಕಲಿತುಕೊಳ್ಳಿ, ಲಿಂಕ್ ಕಳಿಸಿದ್ದೇವೆ' ಎನ್ನುವುದು ಕಲಿಸುವ ಕ್ರಮವಲ್ಲ. ಮಗುವಿಗೆ ಸ್ನಾನ ಮಾಡಿಸಿ, ನಾಳೆಯ ಪಲ್ಯದ ತರಕಾರಿ ಹೆಚ್ಚಿಟ್ಟು, ರಾತ್ರಿ ಹನ್ನೊಂದಕ್ಕೆ ಯಾವ ಹೆಣ್ಣುಮಗಳು ನಿಮ್ಮ ವಿಡಿಯೋ ನೋಡುತ್ತಾಳೆ?

ಇನ್ನೊಂದು ವಿಷಯ, ನಮ್ಮ ಕಸುಬಿನವರಿಗೆ ಮಾತ್ರ ಗೊತ್ತಿರುವಂಥದ್ದು. 'ನಮ್ಮ ಬ್ರ್ಯಾಂಡಿನ ಇಪ್ಪತ್ತು ವರ್ಷದ ಕನ್ನಡ ಕಾಪಿಯನ್ನೆಲ್ಲ ಎಐಗೆ ಕೊಟ್ಟು ನಮ್ಮ ಶೈಲಿ ಕಲಿಸುತ್ತೇವೆ' ಎಂದು ಬಹಳ ಜನ ಉತ್ಸಾಹದಿಂದ ಹೇಳುತ್ತಾರೆ. ಒಳ್ಳೆಯ ಯೋಚನೆ. ಆ ಕಾಪಿ ಎಲ್ಲಿದೆ ನೋಡಿದ್ದೀರಾ? ಪೇಜ್‌ಮೇಕರ್, ಕೋರೆಲ್‌ಡ್ರಾ ಫೈಲುಗಳಲ್ಲಿ, ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟುಗಳಲ್ಲಿ. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ವ್ಯವಸ್ಥೆಯಾದ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲೇ, ಆದರೆ ಅಚ್ಚಿನ ಮನೆಗಳು ಇವತ್ತಿಗೂ ಆ ಹಳೆಯ ಫಾಂಟುಗಳನ್ನು ಪೂರ್ತಿ ಬಿಟ್ಟಿಲ್ಲ. ಅವುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ನುಡಿಯಲ್ಲಿ ಟೈಪಿಸಿದ 'ಕನ್ನಡ' ಎಂಬ ಪದವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಕಾಣುತ್ತದೆ. ಅದನ್ನು ಹಾಗೇ ಯಂತ್ರಕ್ಕೆ ಉಣಿಸಿದರೆ ಕಲಿಯುವುದೇನು, ಪೌಂಡೇ? ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಅರ್ಕಾವತ್ತು ಒತ್ತಕ್ಷರಗಳ ಹತ್ತಿರ ಎಡವುತ್ತವೆ, ಒಬ್ಬರು ಕೂತು ಸಾಲುಸಾಲಾಗಿ ಸರಿಮಾಡಬೇಕು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಒಟ್ಲು ಇನ್ನೊಂದಿಲ್ಲ. ನಿಮ್ಮ ಕಂಪನಿ ಇಪ್ಪತ್ತು ವರ್ಷ ಜನರ ಜೊತೆ ಹೇಗೆ ಮಾತಾಡಿತು ಎಂಬುದನ್ನು ಅವರು ಒಂದೂ ಸಾಲು ಬಿಡದೆ ಓದಿರುತ್ತಾರೆ. ಆರು ತಿಂಗಳ ನಂತರ ನಿಮ್ಮ ಬ್ರ್ಯಾಂಡಿನ ದನಿ ಯಂತ್ರಕ್ಕೂ ಗೊತ್ತು, ಆ ಹುಡುಗರಿಗೂ ಗೊತ್ತು. ಯಂತ್ರ ತಪ್ಪಿದಾಗ ಹಿಡಿಯಲು ಅವರಿದ್ದಾರೆ.

ಹುಬ್ಬಳ್ಳಿಯ ಒಂದು ಜವಳಿ ಅಂಗಡಿಯವರು ಯಂತ್ರದ ತಪ್ಪು ಹಿಡಿಯುವ ಈ ಕೆಲಸವನ್ನು ಹೆಚ್ಚು ಸದ್ದಿಲ್ಲದೆ ಮಾಡಿಕೊಂಡಿದ್ದಾರೆ. ಅವರ ಮಾರ್ಕೆಟಿಂಗ್ ತಂಡವೆಂದರೆ ನಾಲ್ಕೇ ಜನ, ಅದರಲ್ಲಿ ಇಬ್ಬರು ಬಿಲ್ಲಿಂಗ್ ಕೂಡ ನೋಡುತ್ತಾರೆ. ವರ್ಷದ ಪ್ರಚಾರದ ಕ್ಯಾಲೆಂಡರು ಮಾಡಿಕೊಡು ಎಂದು ಎಐಗೆ ಹೇಳಿದರು. ಚೆಂದದ ಪಟ್ಟಿ ಬಂತು. ಅಲ್ಲಿ ಕೆಲಸ ಮಾಡುವ ಗದಗ ಕಡೆಯ ಹುಡುಗಿ ನನಗೆ ಫೋನು ಮಾಡಿ, "ಸರ, ಆಷಾಢದಾಗ ಮದವಿ ಸೀರಿ ಆಫರ್ ಕೊಡ್ರಿ ಅಂತದ ನೋಡ್ರಿ ಇದು! ಪಂಚಮಿ ಅಂತೂ ಪಟ್ಟಿಯಾಗ ಇಲ್ಲೇ ಇಲ್ಲ" ಎಂದು ಬಿದ್ದು ಬಿದ್ದು ನಕ್ಕಳು. ಆಷಾಢದಲ್ಲಿ ನಮ್ಮವರು ಮದುವೆ ಇಟ್ಟುಕೊಳ್ಳುವುದಿಲ್ಲ, ಅದಕ್ಕೇ ಅಂಗಡಿಗಳು ಆ ತಿಂಗಳು ರಿಯಾಯಿತಿ ಕೊಟ್ಟು ಸ್ಟಾಕ್ ಖಾಲಿ ಮಾಡುವುದು. ನಾಗರ ಪಂಚಮಿ ಬೆಂಗಳೂರಿನವರಿಗೆ ಹುತ್ತಕ್ಕೆ ಹಾಲೆರೆಯುವ ಒಂದು ಬೆಳಗು, ಉತ್ತರ ಕರ್ನಾಟಕದಲ್ಲಿ ಮಗಳು ತವರಿಗೆ ಬರುವ ಹಬ್ಬ. ಉಂಡಿ, ಜೋಕಾಲಿ, ಹೊಸ ಸೀರೆ. ಜವಳಿ ಅಂಗಡಿಗೆ ಅದನ್ನು ಬಿಟ್ಟು ಕ್ಯಾಲೆಂಡರ್ ಉಂಟೆ?

ಆ ಅಂಗಡಿಯ ಯಜಮಾನರು ಓದಿದ್ದು ಪಿಯುಸಿ. ಒಂದು ಉದ್ದ ನೋಟ್‌ಬುಕ್ಕು ತಂದು ಆ ಹುಡುಗಿಯ ಕೈಗೆ ಕೊಟ್ಟು, ಯಂತ್ರ ಎಲ್ಲೆಲ್ಲಿ ಎಡವಿತು, ಯಾಕೆ ಎಡವಿತು, ನೀವು ಏನು ತಿದ್ದಿದಿರಿ, ಎಲ್ಲ ಬರೆದಿಡಿ ಎಂದರು. ಈಗ ಅದು ಗೂಗಲ್ ಶೀಟಿಗೆ ಬಂದಿದೆ, ಹೆಸರು ಮಾತ್ರ ಹಳೆಯದೇ: 'ಎಡವಟ್ಟು ಬುಕ್ಕು'. ಅದರಿಂದ ಅರವತ್ತು ಪ್ರಶ್ನೆ ಆರಿಸಿಟ್ಟುಕೊಂಡಿದ್ದಾರೆ. ಹೊಸ ಎಐ ಬಂದರೆ, ಇರುವುದರ ಆವೃತ್ತಿ ಬದಲಾದರೆ, ಮೊದಲು ಆ ಅರವತ್ತನ್ನೂ ಕೇಳುತ್ತಾರೆ. ಎಷ್ಟು ಸರಿ ಎಂದು ಎಣಿಸಿದ ಮೇಲೇ ಬಳಕೆ. ಹೊಸದಾಗಿ ಸೇರಿದ ಹುಡುಗರಿಗೂ ಮೊದಲ ವಾರ ಅದೇ ಪಾಠ. ದೊಡ್ಡ ಕಂಪನಿಗಳ ಎಂಜಿನಿಯರುಗಳು ಇದಕ್ಕೆ 'ಇವ್ಯಾಲ್ಯುಯೇಷನ್ ಸೆಟ್' ಎಂಬ ಭಾರಿ ಹೆಸರು ಕೊಡುತ್ತಾರೆ. ನಿಮ್ಮ ತಂಡದಲ್ಲಿ ಇಂಥದ್ದೊಂದು ಇದೆಯೇ? ನೂರು ಪ್ರಾಂಪ್ಟಿನ ಆ ಪಿಡಿಎಫ್ ಈಗ ಎಲ್ಲಿದೆ? ಅದರಲ್ಲಿದ್ದ ತಂತ್ರಗಳಲ್ಲಿ ಎಷ್ಟೋ ಈ ಹೊತ್ತಿಗೆ ಬೇಕೇ ಇಲ್ಲ, ಯಂತ್ರ ಅವನ್ನು ದಾಟಿ ಹೋಗಿದೆ. ಚಾಟ್‌ಜಿಪಿಟಿ ಜನರ ಕೈಗೆ ಸಿಕ್ಕಿದ್ದು 2022ರ ನವೆಂಬರ್ 30ರಂದು. ಅಲ್ಲಿಂದೀಚೆಗೆ ಗುಂಡಿಗಳು ಎಷ್ಟು ಸಲ ಬದಲಾದವೋ ಲೆಕ್ಕವಿಲ್ಲ. ಕೊಳ್ಳುವವಳು ಯಾರು, ಅವಳಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಒಂದು ಪುಟದಲ್ಲಿ ತಿಳಿಯಾಗಿ ಬರೆಯುವ ಕಲೆ ಹಳೆಯದಾಗಿಲ್ಲ. ನಾವು ಅದನ್ನು ಬ್ರೀಫ್ ಎನ್ನುತ್ತಿದ್ದೆವು. ಮನುಷ್ಯರಿಗೆ ನೆಟ್ಟಗೆ ಬ್ರೀಫ್ ಕೊಡಲು ಬಾರದವರು ಯಂತ್ರಕ್ಕೆ ಕೊಟ್ಟರೂ ಅಷ್ಟೇ. ಮೊದಲು ಆರ್ಟ್ ಡೈರೆಕ್ಟರನ್ನು ಬೈಯುತ್ತಿದ್ದರು, ಈಗ ಚಾಟ್‌ಬಾಟನ್ನು ಬೈಯುತ್ತಾರೆ.

ನಿಮಗೆ ಹಿಡಿಸದ ಒಂದು ಮಾತು ಹೇಳಲೇಬೇಕು. ನಿಮ್ಮ ತಂಡದಲ್ಲಿ ಎಐಯನ್ನು ಎಲ್ಲರಿಗಿಂತ ಚೆನ್ನಾಗಿ ಬಳಸುವವರು ಯಾರು ಎಂದು ನಿಮಗೆ ಗೊತ್ತಿಲ್ಲ. ಅವರು ಹೇಳುವುದಿಲ್ಲ. ಆರು ಗಂಟೆಯ ಕೆಲಸ ಎರಡು ಗಂಟೆಗೆ ಮುಗಿಯಿತು ಎಂದು ಬಾಯಿಬಿಟ್ಟರೆ ಸಿಗುವುದು ಉಳಿದ ನಾಲ್ಕು ಗಂಟೆಗೆ ಇನ್ನಷ್ಟು ಕೆಲಸ, ಇಲ್ಲವೇ 'ಹಾಗಾದರೆ ಇಷ್ಟು ಜನ ಯಾಕೆ ಬೇಕು' ಎಂಬ ಪ್ರಶ್ನೆ. ಹಾಗಾಗಿ ತಮ್ಮ ಸ್ವಂತ ಫೋನಿನಲ್ಲಿ, ಸ್ವಂತ ಖಾತೆಯಲ್ಲಿ, ಮೇಜಿನ ಕೆಳಗೆ ಬಳಸುತ್ತಾರೆ. ಕಲಿತದ್ದು ಅವರಲ್ಲೇ ಉಳಿಯುತ್ತದೆ, ಅವರು ಕೆಲಸ ಬಿಟ್ಟ ದಿನ ನಿಮ್ಮ ಗೇಟು ದಾಟುತ್ತದೆ. ಎಐಯಿಂದ ಉಳಿಸಿದ ಸಮಯಕ್ಕೆ ಯಾರ ಕೆಲಸವೂ ಹೋಗುವುದಿಲ್ಲ ಎಂದು ಲಿಖಿತವಾಗಿ ಹೇಳುವ ಧೈರ್ಯ ನಿಮಗಿಲ್ಲದಿದ್ದರೆ ಎಷ್ಟು ತರಬೇತಿ ಕೊಡಿಸಿದರೂ ಈ ಬಚ್ಚಿಡುವ ಆಟ ನಿಲ್ಲುವುದಿಲ್ಲ. ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಒಪ್ಪುತ್ತೇನೆ. ನಾನೂ ಬರೆದು ಉಣ್ಣುವವನು. ಆದರೂ ಮಾತು ಸುಳ್ಳಾಗುವುದಿಲ್ಲ.

ಮೇಜಿನ ಕೆಳಗಿನ ಬಳಕೆ ಕಾನೂನಿಗೂ ತಾಗುತ್ತದೆ. ಗ್ರಾಹಕರ ಹೆಸರು, ಫೋನ್ ನಂಬರಿನ ಪಟ್ಟಿಯನ್ನು ಉಚಿತ ಚಾಟ್‌ಬಾಟಿಗೆ ಅಂಟಿಸಿ 'ವಿಂಗಡಿಸಿಕೊಡು' ಎನ್ನುವವರನ್ನು ನಾನೇ ಕಂಡಿದ್ದೇನೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ, ಅದರಡಿ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಯಂತ್ರ ಹೇಳಿತು ಎಂಬ ನೆವವೂ ನಡೆಯುವುದಿಲ್ಲ. ಏರ್ ಕೆನಡಾದ ಚಾಟ್‌ಬಾಟ್ ಒಬ್ಬ ಪ್ರಯಾಣಿಕನಿಗೆ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಾಗ, ಅದರ ಮಾತಿಗೆ ಅದೇ ಹೊಣೆ ಎಂಬ ಧಾಟಿಯಲ್ಲಿ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಅಲ್ಲಿನ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ ಕಂಪನಿಯಿಂದಲೇ ಹಣ ಕೊಡಿಸಿತು. ಯುರೋಪಿನಲ್ಲಂತೂ ಎಐ ಬಳಸುವ ಸಿಬ್ಬಂದಿಗೆ ಅದರ ತಿಳಿವಳಿಕೆ ಇರುವಂತೆ ನೋಡಿಕೊಳ್ಳಬೇಕೆಂಬ ನಿಯಮ 2025ರ ಫೆಬ್ರವರಿ 2ರಿಂದ ಜಾರಿಗೆ ಬಂತು. ಅಲ್ಲಿಗೆ ಸರಕು ಕಳಿಸುವವರು ನಿಮ್ಮಲ್ಲೂ ಇದ್ದೀರಿ.

ಮತ್ತೆ ಆ ಹಾಸನದ ಹುಡುಗಿಗೆ ಬರುತ್ತೇನೆ. ನಿಮ್ಮ ಸಂಸ್ಥೆಯಲ್ಲಿ ಒಂದು ನಿಯಮ ಮಾಡಿ. ಕನ್ನಡದಲ್ಲಿ ಹೊರಗೆ ಹೋಗುವ ಯಾವ ಸಾಲಿನ ಮೇಲೂ ಕನ್ನಡ ಓದುವ ಒಬ್ಬರ ಹೆಸರಿರಲಿ. ಅವರು ಬೇಡವೆಂದರೆ ಅದು ಹೋಗಕೂಡದು, ಮೇಲಿನ ಮೂವರು ಓಕೆ ಎಂದಿದ್ದರೂ. ತಡೆದದ್ದಕ್ಕೆ ಯಾರೂ ಅವರನ್ನು ಕೇಳಬಾರದು, ತಡೆಯದಿದ್ದರೆ ಕೇಳಬೇಕು. ಆ ಕುರ್ಚಿಯಲ್ಲಿ ಹೊಸಬರು ಕೂತರೆ ಪಕ್ಕದಲ್ಲಿ ಹಿರಿಯರೊಬ್ಬರು ಇರಲಿ, ನನಗೆ ಮೇಷ್ಟ್ರು ಇದ್ದ ಹಾಗೆ. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಹಿರಿಯರಿಗೆ 'ಎಷ್ಟು ಪೋಸ್ಟ್ ಹೊರಡಿಸಿದಿರಿ' ಎಂದು ಕೇಳುವ ಜಾಗದಲ್ಲಿ 'ಯಾರನ್ನು ತಯಾರು ಮಾಡಿದಿರಿ' ಎಂದು ಕೇಳಿ. ಒಬ್ಬರ ಹೆಸರು ಹೇಳಲಿ ಸಾಕು.

ರಿಂಗ್ ರೋಡಿನ ಆ ದಿನಕ್ಕೆ ಹಾಲ್ ಬಾಡಿಗೆ, ಊಟ, ತರಬೇತುದಾರರ ವಿಮಾನದ ಟಿಕೆಟ್ಟು, ಫೀಸು ಎಲ್ಲ ಸೇರಿ ಎಷ್ಟಾಯಿತೆಂದು ಆ ಕಂಪನಿಯ ಅಕೌಂಟ್ಸಿನವರೇ ನನಗೆ ಹೇಳಿದರು. ಒಬ್ಬ ಟ್ರೈನಿಯ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ. ಮುಂದಿನ ವರ್ಷದ ನೇಮಕದ ಪಟ್ಟಿ ಈಗ ನಿಮ್ಮ ಮೇಜಿನ ಮೇಲೆ ಇದ್ದೀತು. ಅದರಲ್ಲಿ 'ಟ್ರೈನಿ, ಕನ್ನಡ ಕಾಪಿ' ಎಂಬ ಸಾಲು ಹುಡುಕಿ. ಮುಂದೆ ಸೊನ್ನೆ ಇದ್ದರೆ ಒಂದು ಮಾಡಿ. ಸಾಲೇ ಇಲ್ಲದಿದ್ದರೆ ಪೆನ್ನಿನಲ್ಲಿ ಬರೆದು ಸೇರಿಸಿ. ಹುಡುಗರನ್ನು ಎಲ್ಲಿ ಹುಡುಕಬೇಕೆಂದು ಗೊತ್ತಾಗದಿದ್ದರೆ ಹೇಳಿ ಕಳಿಸಿ, ಮೊದಲ ಮೂರು ತಿಂಗಳು ಶನಿವಾರ ಬಂದು ಪಕ್ಕದಲ್ಲಿ ಕೂರುತ್ತೇನೆ. ಎಣಿಸಲು ಒಂದಷ್ಟು ರದ್ದಿ ಕಾರ್ಡೂ ತರುತ್ತೇನೆ.

ಇಂತಿ,
ಕರಡು ತಿದ್ದಿ ಬೆಳೆದ ಒಬ್ಬ ಕನ್ನಡ ಕಾಪಿರೈಟರ್
ಬೆಂಗಳೂರು